ಬಿಚ್ಚಲು ಬರುವ ಹಾಗೆ ಕಟ್ಟುವುದು

ವಾಚನಾಲಯದ ಅಧ್ಯಕ್ಷರೇ, ನನಗೆ ಅಕ್ಷರ ಕಲಿಸಿದ ಮಾಷ್ಟ್ರೇ, ಊರಿನ ಹಿರಿಯರೇ, ಹಿಂದಿನ ಬೆಂಚಿನಲ್ಲಿ ಕುಳಿತ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇಟ್ಟಿದ್ದೇನೆ. ಇದು ನಿಮ್ಮದೇ. ಒಂದು ಕನ್ನಡ ಮಾಸಪತ್ರಿಕೆಯ ಹನ್ನೆರಡು ಸಂಚಿಕೆಗಳನ್ನು ಸೇರಿಸಿ ಕಟ್ಟಿದ ಸಂಪುಟ. ಮೊದಲ ಸಲ ಇದನ್ನು ಬೈಂಡ್ ಮಾಡಿದವರು ನನ್ನ ಅಜ್ಜ. ಎರಡನೇ ಸಲ ಮಾಡಿದ್ದು ನಾನು, ಹೋದ ತಿಂಗಳು. ನಡುವೆ ಅರುವತ್ತು ವರ್ಷ ಇದು ನಿಮ್ಮ ಕಪಾಟಿನಲ್ಲಿ ಇತ್ತು. ಕಾರ್ಯಕ್ರಮಕ್ಕೆ ಕರೆಯಲು ಬಂದ ಕಾರ್ಯದರ್ಶಿಗಳು, "ನಿಮ್ಮ ಮನೆಯ ಬೈಂಡಿನ ಚರಿತ್ರೆ ಹೇಳಿ" ಅಂದರು. ಮೂರು ತಲೆಮಾರು ಒಂದೇ ಕೆಲಸ ಮಾಡಿದ ಮನೆ ನಮ್ಮದು. ಹೇಳಲು ತುಂಬ ಇದೆ. ಆದರೆ ನನ್ನ ಮನಸ್ಸಿನಲ್ಲಿ ಇರುವುದು ಮುಖ್ಯವಾಗಿ ಒಂದೇ ವಿಷಯ. ಪುಸ್ತಕವನ್ನು ಗಟ್ಟಿಯಾಗಿ ಕಟ್ಟಬೇಕು, ಆದರೆ ಮುಂದೆ ಬರುವವರು ಬಿಚ್ಚಲು ಆಗುವ ಹಾಗೆ ಕಟ್ಟಬೇಕು. ಈ ಮಾತನ್ನು ನಮ್ಮ ಮನೆ ಹೇಗೆ ಕಲಿತಿತು ಅಂತ ಹೇಳುತ್ತೇನೆ.

ಮನೆಯ ಪುಸ್ತಕಕ್ಕೂ ವಾಚನಾಲಯದ ಪುಸ್ತಕಕ್ಕೂ ದೊಡ್ಡ ವ್ಯತ್ಯಾಸ ಇದೆ. ಮನೆಯ ಪುಸ್ತಕವನ್ನು ಇಬ್ಬರೋ ಮೂವರೋ ಓದುತ್ತಾರೆ. ವಾಚನಾಲಯದ ಪುಸ್ತಕವನ್ನು ಬೈಂಡ್ ಮಾಡುವವನಿಗೆ ಯಾರು ಓದುತ್ತಾರೆ ಅಂತಲೇ ಗೊತ್ತಿಲ್ಲ. ಬಸ್ಸಿನಲ್ಲಿ ಓದುವವರು ಇದ್ದಾರೆ. ಊಟ ಮಾಡುತ್ತಾ ಓದುವವರು ಇದ್ದಾರೆ. ಕವುಚಿ ಹಾಕಿ ಮಲಗುವವರೂ ಇದ್ದಾರೆ. ಪುಸ್ತಕ ಮೊದಲು ಸೋಲುವುದು ಎರಡು ಜಾಗದಲ್ಲಿ. ಒಂದು, ರಟ್ಟು ಬೆನ್ನಿಗೆ ಸೇರುವ ಸಂದು. ಇನ್ನೊಂದು, ಬೆನ್ನಿನ ಮೇಲ್ತುದಿ. ಕಪಾಟಿನಿಂದ ತೆಗೆಯುವಾಗ ನಾವೆಲ್ಲ ಬೆರಳು ಹಾಕಿ ಎಳೆಯುವುದು ಅಲ್ಲಿಗೇ ಅಲ್ವಾ? ಮಕ್ಕಳೇ, ಇದೊಂದು ನೆನಪಿಡಿ. ಬೇಕಾದ ಪುಸ್ತಕದ ಎರಡೂ ಬದಿಯ ಪುಸ್ತಕಗಳನ್ನು ಸ್ವಲ್ಪ ಹಿಂದಕ್ಕೆ ದೂಡಿ. ಆಮೇಲೆ ನಿಮ್ಮ ಪುಸ್ತಕವನ್ನು ನಡುವಿನಲ್ಲಿ ಹಿಡಿದು ತೆಗೆಯಿರಿ. ಇಷ್ಟು ಮಾಡಿದರೆ ನನ್ನಂಥವರಿಗೆ ಅರ್ಧ ಕೆಲಸ ಕಡಿಮೆ.

ಅಜ್ಜ ಕೆಲಸ ಕಲಿತದ್ದು ಮಂಗಳೂರಿನಲ್ಲಿ. ಸ್ವಾತಂತ್ರ್ಯಕ್ಕೆ ಮೊದಲಿನ ಮಾತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಅಲ್ಲಿಂದಲೇ ಬಂತು. ಅಚ್ಚು ಬಂದ ಕಡೆ ಬೈಂಡಿಂಗ್ ಬರಲೇಬೇಕು. ಅಚ್ಚಾದ ಹಾಳೆ ಮಡಿಸದೆ, ಹೊಲಿಯದೆ ಪುಸ್ತಕ ಆಗುವುದಿಲ್ಲ. ಅಲ್ಲಿ ಕಲಿತ ಕೈಗಳು ಊರೂರಿಗೆ ಹೋಗಿ ಸಣ್ಣ ಸಣ್ಣ ಅಂಗಡಿ ಇಟ್ಟವು. ಅಂಥ ಒಂದು ಅಂಗಡಿಯಲ್ಲಿ ಅಜ್ಜ ಹುಡುಗನಾಗಿ ಸೇರಿದರು. ಮೊದಲ ಒಂದು ವರ್ಷ ಹಾಳೆ ಮಡಿಸುವುದು ಬಿಟ್ಟು ಬೇರೆ ಏನೂ ಕೊಡಲಿಲ್ಲವಂತೆ.

ಕೆಲಸ ಕಲಿತನೋ ಇಲ್ಲವೋ ಅಂತ ನೋಡಲು ಅವರ ಗುರುಗಳು ಕೊಟ್ಟದ್ದು ಕಿಟ್ಟೆಲ್ ನಿಘಂಟು. 1894ರಲ್ಲಿ ಅಚ್ಚಾದದ್ದು, ಸಾವಿರದ ಏಳುನೂರಕ್ಕಿಂತ ಹೆಚ್ಚು ಪುಟ. ಅದರ ಬೆನ್ನು ಹರಿದಿತ್ತು. ಅಷ್ಟು ಭಾರದ ಪುಸ್ತಕವನ್ನು ನಿಲ್ಲಿಸಿ ಇಟ್ಟರೆ ಪುಟಗಳ ತೂಕವೇ ಪುಸ್ತಕವನ್ನು ರಟ್ಟಿನಿಂದ ಕೆಳಗೆ ಎಳೆಯುತ್ತದೆ. ಅದಕ್ಕೆ ಬರೀ ಅಂಟು ಸಾಲದು. ಒಂದೊಂದೇ ಫಾರಂ, ಅಂದರೆ ಒಟ್ಟಿಗೆ ಮಡಿಸಿದ ಪುಟಗಳ ಒಂದೊಂದು ಕಟ್ಟು, ತೆಗೆದು, ಮಡಿಕೆಯ ಒಳಗಿಂದ ಸೂಜಿ ಹಾಕಿ, ಬೆನ್ನಿನ ಮೇಲೆ ಅಡ್ಡಲಾಗಿ ಇಟ್ಟ ನಾಡಾ ಪಟ್ಟಿಗಳ ಸುತ್ತ ದಾರ ತಂದು ಹೊಲಿಯಬೇಕು. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬೆನ್ನನ್ನು ಸ್ವಲ್ಪ ಗುಂಡಗೆ ಮಾಡಬೇಕು. ಆಗ ತೂಕ ಹಂಚಿಹೋಗುತ್ತದೆ. ಅಜ್ಜ ಅದನ್ನು ಮಾಡಿ ಮುಗಿಸಿದ ಮೇಲೆ ಗುರುಗಳು ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ನಡುವಿನಲ್ಲಿ ತೆರೆದು, ಕೈ ಬಿಟ್ಟರಂತೆ. ಪುಟ ಮುಚ್ಚಿಕೊಳ್ಳಲಿಲ್ಲ. ಸಪಾಟಾಗಿ ತೆರೆದೇ ಇತ್ತು. "ಇನ್ನು ನೀನು ಊರಿಗೆ ಹೋಗಬಹುದು" ಅಂದರಂತೆ.

ಹಾಗೆ ಅಜ್ಜ ರೈಲು ಹತ್ತಿ ಕಾಸರಗೋಡಿಗೆ ಬಂದರು. ಕರಂದಕ್ಕಾಡಿನ ಹತ್ತಿರ ಒಂದು ಕೋಣೆ ಹಿಡಿದರು. ಒಂದು ಮರದ ಪ್ರೆಸ್ಸು, ಒಂದು ಕತ್ತರಿಸುವ ಚೂರಿ, ಎರಡು ದಬ್ಬಣ, ಸೂಜಿ, ಸುತ್ತಿಗೆ. ಬೋರ್ಡು ಕೂಡ ಇರಲಿಲ್ಲ. ಜನ ಸುಮ್ನೆ 'ಬೈಂಡಿನ ಅಂಗಡಿ' ಅನ್ನುತ್ತಿದ್ದರು. ಇವತ್ತಿಗೂ ನಮಗೆ ಬೇರೆ ಹೆಸರಿಲ್ಲ.

ಹೊಟ್ಟೆ ಹೊರೆದದ್ದು ವಾಚನಾಲಯದ ಕೆಲಸ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆ ಹೊರೆದದ್ದು ಲೆಕ್ಕದ ಪುಸ್ತಕ. ದೀಪಾವಳಿಯ ಅಂಗಡಿ ಪೂಜೆಗೆ ವರ್ತಕರಿಗೆ ಹೊಸ ಪುಸ್ತಕ ಬೇಕು. ಕೆಂಪು ಬಟ್ಟೆಯ ಹೊದಿಕೆ, ಗಟ್ಟಿ ಹೊಲಿಗೆ. ಶಾಲೆಗಳ ಹಾಜರಿ ಪುಸ್ತಕ, ದೇವಸ್ಥಾನಗಳ ಜಮಾಖರ್ಚಿನ ಪುಸ್ತಕ, ವಕೀಲರ ಕಾನೂನು ಪುಸ್ತಕಗಳು. ಇವುಗಳಿಂದ ಬಂದ ಹಣದಲ್ಲಿ ಅಕ್ಕಿ ಬರುತ್ತಿತ್ತು. ವಾಚನಾಲಯಗಳ ಪುಸ್ತಕ ಬರುತ್ತಿದ್ದದ್ದು ಬೇಸಿಗೆ ರಜೆಯಲ್ಲಿ, ಗೋಣಿಚೀಲ ತುಂಬಿಕೊಂಡು. ಹಣ ಬರುತ್ತಿದ್ದದ್ದು ಯಾವಾಗಲೋ. ಆದರೂ ಆ ಗೋಣಿ ಬಂದ ದಿನ ಅಜ್ಜನ ಮುಖ ಬೇರೆ ಇರುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದರು.

ಇನ್ನೊಂದು ಕೆಲಸ ಇತ್ತು. ಬೇರೆ ಊರಿನ ಬೈಂಡರಿಗೆ ಅದು ಸಿಕ್ಕಿರಲಿಕ್ಕಿಲ್ಲ. ಯಕ್ಷಗಾನದ ಪ್ರಸಂಗ ಪುಸ್ತಕಗಳು. ಇದು ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಸೀಮೆ. ಆಟದಲ್ಲಿ ಹಾಡುವ ಭಾಗವತರ ಪುಸ್ತಕ ಮಂಜಿನಲ್ಲಿ ನೆನೆಯುತ್ತದೆ, ದೀಪದ ಮಸಿ ಹಿಡಿಯುತ್ತದೆ, ರಾತ್ರಿಯಿಡೀ ಬೆರಳಿನ ಬೆವರು ತಿನ್ನುತ್ತದೆ. ಮೇಳಗಳ ತಿರುಗಾಟ ಮುಗಿದು, ಮೇ ಕೊನೆಯ ಪತ್ತನಾಜೆ ಕಳೆದು, ಮಳೆ ಹಿಡಿಯುವ ಮೊದಲು ಅವು ನಮ್ಮಲ್ಲಿಗೆ ಬರುತ್ತಿದ್ದವು.

ಹೊಲಿಗೆಯ ಕೆಲಸ ಅಜ್ಜಿಯದ್ದು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವರು ಹೊಲಿದ ಪುಸ್ತಕದಲ್ಲಿ ಒಂದು ಫಾರಂ ಕೂಡ ಅದಲುಬದಲು ಆದದ್ದಿಲ್ಲ. ಹದಿನಾರು ಪುಟಕ್ಕೆ ಒಂದು ಫಾರಂ. ಪ್ರತಿ ಫಾರಮ್ಮಿನ ಮೊದಲ ಪುಟದ ಕೆಳಗೆ ಮೂಲೆಯಲ್ಲಿ ಒಂದು ಸಣ್ಣ ಅಂಕಿ ಅಚ್ಚು ಹಾಕಿರುತ್ತಾರೆ. ಓದುವವರು ಅದನ್ನು ಗಮನಿಸುವುದೇ ಇಲ್ಲ. ಅದು ಇರುವುದೇ ಬೈಂಡರಿಗೆ. ಅಜ್ಜಿ ಆ ಅಂಕಿಗಳ ಆಕಾರವನ್ನು ಒಂದರ ಹಿಂದೆ ಒಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅಂಕಿ ಕಲಿತದ್ದೇ ಹಾಗೆ. ಆಮೇಲೆ ಅಂಗಡಿಯ ಲೆಕ್ಕವನ್ನೂ ಅವರೇ ಬರೆದರು. ನಮ್ಮ ಮನೆಯ ಚರಿತ್ರೆ ಬರೆಯುವವರು ಯಾರಾದರೂ ಇದ್ದರೆ 'ಅಜ್ಜ ಸ್ಥಾಪಿಸಿದ ಅಂಗಡಿ' ಅಂತ ಬರೆಯಬಾರದು. ಪುಸ್ತಕವನ್ನು ಹಿಡಿದು ನಿಲ್ಲಿಸುವುದು ದಾರ. ದಾರ ಅಜ್ಜಿಯ ಕೈಯಲ್ಲಿ ಇತ್ತು.

ಈಗ ಅಂಟಿನ ವಿಷಯಕ್ಕೆ ಬರುತ್ತೇನೆ. ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಹೇಳಿದರೆ ಬೇಸರ ಮಾಡಬೇಡಿ. ನಮ್ಮದು ಮೈದಾ ಅಂಟು. ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಇಟ್ಟು, ಕೈ ಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಹೊಳೆಯಲು ಶುರುವಾದಾಗ ಇಳಿಸಬೇಕು. ಈ ಅಂಟು ಮನುಷ್ಯರಿಗೆ ಬೇಕಾದ ಹಾಗೆ ಜಿರಳೆಗೂ ಬೇಕು, ಬೆಳ್ಳಿಹುಳಕ್ಕೂ ಬೇಕು. ಅದು ಹಿಟ್ಟಲ್ವಾ? ಅದಕ್ಕೆ ಅಜ್ಜ ಒಂದು ಚಿಟಿಕೆ ಮೈಲುತುತ್ತು, ಅಂದರೆ ತಾಮ್ರದ ನೀಲಿ ಹರಳು, ಹಾಕುತ್ತಿದ್ದರು.

ಮೈಲುತುತ್ತಿಗೆ ನಮ್ಮೂರಿನಲ್ಲಿ ಯಾವ ಕಷ್ಟವೂ ಇರಲಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಪ್ರತಿ ತೋಟದವರ ಮನೆಯಲ್ಲೂ ಅದು ಇರುತ್ತಿತ್ತು. ಮೈಸೂರು ಸೀಮೆಯಲ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1910ರ ಹೊತ್ತಿಗೆ ಕೊಳೆರೋಗದ ಕಾರಣ ಹುಡುಕಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಹೇಳಿದರು. ಅಡಿಕೆ ಉಳಿಸಿದ ಅದೇ ನೀಲಿ ಹರಳು ನಮ್ಮ ಪುಸ್ತಕಗಳನ್ನೂ ಹುಳದಿಂದ ಉಳಿಸಿತು. ತೋಟದವರು ಪುಸ್ತಕ ಬೈಂಡಿಗೆ ತರುವಾಗ ಒಂದು ಪೊಟ್ಟಣ ಮೈಲುತುತ್ತನ್ನೂ ತಂದು ಕೊಟ್ಟದ್ದುಂಟು.

ಆದರೆ ನಾನು ಈಗ ಅದನ್ನು ಹಾಕುವುದಿಲ್ಲ. ತಾಮ್ರದ ಅಂಶ ಕಾಗದವನ್ನು ನಿಧಾನವಾಗಿ ಸುಡುತ್ತದೆ. ಅಜ್ಜ ಅಂಟು ಹಚ್ಚಿದ ಕೆಲವು ಪುಸ್ತಕಗಳ ಬೆನ್ನಿನ ಹತ್ತಿರ ಕಾಗದ ಕಂದು ಬಣ್ಣಕ್ಕೆ ತಿರುಗಿದೆ. ಪಟಿಕ ಹಾಕಿದರೂ ಹಾಗೆಯೇ, ಅದರ ಹುಳಿ ಕಾಗದಕ್ಕೆ ಒಳ್ಳೆಯದಲ್ಲ. ಅಜ್ಜನ ಕಾಲದಲ್ಲಿ ಹುಳ ದೊಡ್ಡ ಶತ್ರು. ಎರಡು ವರ್ಷದಲ್ಲಿ ಹುಳ ತಿನ್ನುವ ಪುಸ್ತಕವನ್ನು ಐವತ್ತು ವರ್ಷ ಉಳಿಸಿದ್ದು ಸಣ್ಣ ವಿಷಯ ಅಲ್ಲ. ಅವರು ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ನಾನು ದಿನದ ಅಂಟನ್ನು ದಿನವೇ ಮಾಡುತ್ತೇನೆ, ಉಳಿದದ್ದನ್ನು ಚೆಲ್ಲುತ್ತೇನೆ.

ಮೈದಾ ಅಂಟಿನ ದೊಡ್ಡ ಗುಣ ಇದು. ಒದ್ದೆ ಬಟ್ಟೆ ಇಟ್ಟು ಸ್ವಲ್ಪ ಹೊತ್ತು ಕಾದರೆ ಬಿಟ್ಟುಕೊಳ್ಳುತ್ತದೆ. ಕಾಗದಕ್ಕೆ ಗಾಯ ಆಗುವುದಿಲ್ಲ. 1959ರಲ್ಲಿ ಫೆವಿಕಾಲ್ ಬಂತು. ಬಡಗಿಗಳಿಗೆ ಅದು ವರ. ನಮ್ಮಂಥವರೂ ಖುಷಿಯಿಂದ ತಂದೆವು. ಕುದಿಸುವ ಕೆಲಸ ಇಲ್ಲ, ಹುಳ ಹಿಡಿಯುವುದಿಲ್ಲ, ಬೇಗ ಒಣಗುತ್ತದೆ. ಆದರೆ ಒಮ್ಮೆ ಒಣಗಿದರೆ ಅದು ಕಾಗದವನ್ನು ಬಿಡುವುದಿಲ್ಲ. ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಈಗ ನಾವು ಅದನ್ನು ಹೊರಗಿನ ರಟ್ಟು ಬಟ್ಟೆಗೆ ಮಾತ್ರ ಹಚ್ಚುತ್ತೇವೆ. ಪುಟಗಳ ಬೆನ್ನಿಗೆ ಮುಟ್ಟಿಸುವುದಿಲ್ಲ.

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಬೈಂಡಿಂಗ್ ಮಾಡಬಾರದು ಅಂತ ಅಜ್ಜನ ನಿಯಮ. ರಟ್ಟು ಒಣಗುವುದಿಲ್ಲ, ಒಳಗೆ ಬೂಸರು ಹಿಡಿಯುತ್ತದೆ. ಆ ತಿಂಗಳು ಬಿಚ್ಚುವುದು, ಹೊಲಿಯುವುದು, ಹರಿದ ಪುಟಕ್ಕೆ ತೆಳು ಕಾಗದದ ಪಟ್ಟಿ ಸಿದ್ಧ ಮಾಡುವುದು ಇಷ್ಟೇ. ರಟ್ಟಿನ ಕೆಲಸ ಬಿಸಿಲು ಬಂದ ಮೇಲೆ. ರಟ್ಟಿಗೂ ಕಾಗದಕ್ಕೂ ನಾರು ಒಂದು ದಿಕ್ಕಿಗೆ ಓಡುತ್ತದೆ. ಅದು ಪುಸ್ತಕದ ಬೆನ್ನಿಗೆ ಸಮನಾಗಿ ಇರಬೇಕು. ಅಡ್ಡ ಇಟ್ಟರೆ ಮೊದಲ ಮಳೆಗೇ ರಟ್ಟು ಹಪ್ಪಳದ ಹಾಗೆ ಬಾಗುತ್ತದೆ. ರಟ್ಟನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಗ್ಗುತ್ತದೋ ನಾರು ಆ ಮಡಿಕೆಯ ಉದ್ದಕ್ಕೆ ಇದೆ ಅಂತ ಲೆಕ್ಕ. ಏಳು ವರ್ಷದವಳಿದ್ದಾಗ ನಾನು ಕಲಿತ ಮೊದಲ ಪಾಠ ಇದು.

ವಾಚನಾಲಯದ ಕೆಲಸ ಜಾಸ್ತಿ ಆದದ್ದು ಸ್ವಾತಂತ್ರ್ಯದ ನಂತರ. ಆಗ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. 1948ರಲ್ಲಿ ಮದ್ರಾಸಿನಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. ಅದರ ಹಿಂದೆ ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರ ದುಡಿಮೆ ಇತ್ತು. ಜಿಲ್ಲೆಗೆ ಒಂದು ಗ್ರಂಥಾಲಯ ಪ್ರಾಧಿಕಾರ, ತೆರಿಗೆಯ ಜೊತೆಗೆ ಗ್ರಂಥಾಲಯದ ಕರ. ರಂಗನಾಥನ್ 1931ರಲ್ಲೇ ಹೇಳಿದ್ದರು, ಪುಸ್ತಕ ಇರುವುದು ಬಳಸುವುದಕ್ಕೆ ಅಂತ. ಬಳಸಿದರೆ ಹರಿಯುತ್ತದೆ. ಹರಿದರೆ ಬೈಂಡರು ಬೇಕು.

ಆಮೇಲೆ 1956ರ ನವೆಂಬರ್ 1. ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವಿನ ಬಗ್ಗೆ ಇಲ್ಲಿ ಕುಳಿತ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂತ ಶಿಫಾರಸು ಮಾಡಿತು. ಅದು ಶಿಫಾರಸಾಗಿಯೇ ಉಳಿಯಿತು. ನಾನು ಹೇಳುವುದು ಬೈಂಡಿನ ಅಂಗಡಿಯ ಒಳಗೆ ಆದ ಬದಲಾವಣೆ ಮಾತ್ರ. ಗೋಣಿಯಲ್ಲಿ ಮಲಯಾಳ ಪುಸ್ತಕಗಳು ಬರಲು ಶುರುವಾದವು. ತಿರುವಾಂಕೂರಿನಲ್ಲಿ ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘದ ಚಳುವಳಿ ಕೇರಳ ಪೂರ್ತಿ ಹಬ್ಬಿತು. ಊರೂರಿಗೆ ವಾಚನಾಲಯ ಆಯಿತು. 1957ರಲ್ಲಿ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಶುರುವಾಯಿತು. ಕೆಲಸಕ್ಕೆ ಕೊರತೆ ಇರಲಿಲ್ಲ.

ಕಷ್ಟ ಬಂದದ್ದು ಬೆನ್ನಿನ ಮೇಲೆ ಹೆಸರು ಬರೆಯುವುದಕ್ಕೆ. ಅಜ್ಜನಿಗೆ ಮಲಯಾಳ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ನಡುವಯಸ್ಸಿನಲ್ಲಿ ಸ್ಲೇಟು ಹಿಡಿದು ಒಬ್ಬ ಮಾಷ್ಟ್ರ ಹತ್ತಿರ ಕಲಿತರು. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಮಲಯಾಳದ ಅಕ್ಷರ ಅಗಲಕ್ಕೆ ಹೋಗುತ್ತದೆ. ಬೆನ್ನು ಇರುವುದು ಒಂದು ಅಂಗುಲ. ಕನ್ನಡಕ್ಕೆ ಎರಡು ಸಾಲಿನ ನಡುವೆ ಜಾಗ ಜಾಸ್ತಿ ಬೇಕು, ಮಲಯಾಳಕ್ಕೆ ಅಕ್ಷರ ಸಣ್ಣದು ಮಾಡಬೇಕು. ಒಂದೇ ಕಪಾಟಿನಲ್ಲಿ ಎರಡೂ ಭಾಷೆಯ ಹೆಸರು ಒಂದೇ ಎತ್ತರದಲ್ಲಿ ಕಾಣಬೇಕು ಅಂತ ಅವರಿಗೆ ಹಟ. ಬೆನ್ನಿನ ಬುಡದಿಂದ ಎರಡೂವರೆ ಅಂಗುಲ ಮೇಲೆ ದಾರ ಹಿಡಿದು ಗುರುತು ಮಾಡುತ್ತಿದ್ದರು. ನಿಮ್ಮ ಹಳೆಯ ಕಪಾಟಿನ ಮುಂದೆ ನಿಂತು ನೋಡಿ. ಆ ಗೆರೆ ಇವತ್ತಿಗೂ ಕಾಣುತ್ತದೆ.

ಕನ್ನಡ ಪುಸ್ತಕಗಳ ವಿಷಯದಲ್ಲಿ ಅಜ್ಜನಿಗೆ ಒಂದು ಹೆದರಿಕೆ ಇತ್ತು. ಮಂಜೇಶ್ವರದ ಗೋವಿಂದ ಪೈಗಳು ಮನೆ ತುಂಬ ಪುಸ್ತಕ ಇಟ್ಟು ಬದುಕಿದ ನಾಡು ಇದು. ಪೆರಡಾಲದಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮಕ್ಕಳಿಗೆ ಪಾಠ ಹೇಳಿದ ನಾಡು. ಪುಸ್ತಕಕ್ಕೆ ಬಡತನ ಇರಲಿಲ್ಲ. ಆದರೆ ಇನ್ನು ಮುಂದೆ ಇಲ್ಲಿಗೆ ಹೊಸ ಕನ್ನಡ ಪುಸ್ತಕ ಎಷ್ಟು ಬರುತ್ತದೋ ಏನೋ ಅಂತ ಅವರ ಚಿಂತೆ. ಅದಕ್ಕೆ ಇದ್ದದ್ದನ್ನು ಗಟ್ಟಿ ಮಾಡಬೇಕು ಅನ್ನುತ್ತಿದ್ದರು. ಕೆಲವು ಕನ್ನಡ ಪುಸ್ತಕಗಳು ಒಂದೇ ಸಲ ಅಚ್ಚಾದವು, ಮತ್ತೆ ಆಗಲಿಲ್ಲ. ಅಂಥವಕ್ಕೆ ಅವರು ಕೂಲಿ ಕೇಳದೆ ಎರಡು ಸಲ ಹೊಲಿಗೆ ಹಾಕಿಸಿದ್ದಾರೆ.

ಇನ್ನು ನಮ್ಮ ಮನೆಯಲ್ಲಿ ಯಾರೂ ಮರೆಯದ ಒಂದು ದಿನದ ಮಾತು ಹೇಳಬೇಕು. ಅಪ್ಪ ಆಗ ಹದಿನೆಂಟರ ಹುಡುಗ. ಒಬ್ಬ ಹಿರಿಯ ಭಾಗವತರು ಪ್ರಸಂಗಗಳ ಒಂದು ಕಟ್ಟು ತಂದು ಕೊಟ್ಟು ಹೋಗಿದ್ದರು. ಅಜ್ಜ ಮಂಗಳೂರಿಗೆ ರಟ್ಟು ತರಲು ಹೋಗಿದ್ದರು. ಅಪ್ಪ ಉತ್ಸಾಹದಿಂದ ಕೆಲಸ ಮುಗಿಸಿದರು. ಹೊಲಿಗೆ ಚೆನ್ನಾಗಿತ್ತು. ಅಂಚು ಎಲ್ಲ ಮುದುರಿ, ಕಪ್ಪಾಗಿ ಇತ್ತು. ಪ್ರೆಸ್ಸಿನಲ್ಲಿ ಬಿಗಿದು ಮೂರೂ ಕಡೆ ಅರ್ಧ ಅಂಗುಲ ಕತ್ತರಿಸಿದರು. ಪುಸ್ತಕ ಹೊಸದರ ಹಾಗೆ ಹೊಳೆಯಿತು.

ಭಾಗವತರು ಬಂದರು. ಪುಸ್ತಕ ತೆರೆದರು. ಒಂದು ಪುಟ, ಇನ್ನೊಂದು ಪುಟ. ಹಾಗೇ ಬೆಂಚಿನ ಮೇಲೆ ಕುಳಿತುಬಿಟ್ಟರು. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅವರ ಗುರುಗಳು ಬರೆದ ಗುರುತುಗಳಿದ್ದವು. ಯಾವ ಪದ್ಯ ಯಾವ ರಾಗದಲ್ಲಿ, ಎಲ್ಲಿ ತಾಳ ಬದಲಾಗಬೇಕು, ಎಲ್ಲಿ ನಿಲ್ಲಿಸಬೇಕು ಅಂತ. ಅದು ಅಚ್ಚಿನಲ್ಲಿ ಇಲ್ಲ, ಬೇರೆ ಎಲ್ಲೂ ಇಲ್ಲ. ಗುರುಗಳು ತೀರಿಹೋಗಿದ್ದರು. "ಎಂತ ಮಾಡಿದೆ ಮಗಾ" ಅಂತ ಮಾತ್ರ ಹೇಳಿದರಂತೆ. ಬೈಯಲಿಲ್ಲ.

ಸಂಜೆ ಅಜ್ಜ ಬಂದರು. ಕಸದ ಬುಟ್ಟಿಯನ್ನು ಚಾಪೆಯ ಮೇಲೆ ಸುರಿಸಿದರು. ಸಪೂರ ಕಾಗದದ ಪಟ್ಟಿಗಳು, ನೂರಾರು. ಲಾಟೀನು ಇಟ್ಟುಕೊಂಡು ಅಜ್ಜ, ಅಜ್ಜಿ, ಅಪ್ಪ ಮೂವರೂ ಬೆಳಗಿನವರೆಗೆ ಕುಳಿತು ಪಟ್ಟಿಗಳನ್ನು ಪುಟಕ್ಕೆ ಹೊಂದಿಸಿ ನೋಡಿದರು. ಎಂಟೋ ಹತ್ತೋ ಪುಟಕ್ಕೆ ಮಾತ್ರ ಹೊಂದಿಕೆ ಸಿಕ್ಕಿತು. ಅವುಗಳನ್ನು ಮೈದಾ ಅಂಟಿನಲ್ಲಿ ಹಿಂದಿನಿಂದ ತೆಳು ಕಾಗದ ಕೊಟ್ಟು ಸೇರಿಸಿದರು. ಉಳಿದದ್ದು ಹೋಯಿತು. ಅಜ್ಜ ಆ ಕತ್ತರಿಸುವ ಚೂರಿಯನ್ನು ಕೆಳಗಿನಿಂದ ತೆಗೆದು ಅಟ್ಟಕ್ಕೆ ಹಾಕಿದರು. ಲೆಕ್ಕದ ಪುಸ್ತಕಕ್ಕೆ ಬೇಕಾದಾಗ ಮಾತ್ರ ಅದು ಕೆಳಗೆ ಇಳಿಯಬೇಕು. ಬಳಸಿದ ಪುಸ್ತಕದ ಅಂಚು ಮುಟ್ಟಬಾರದು. ಆ ನಿಯಮ ಇವತ್ತಿಗೂ ಇದೆ. ಅಪ್ಪ ತಮ್ಮ ಕೊನೆಯ ವರ್ಷಗಳವರೆಗೂ ಈ ಕಥೆ ಹೇಳುವಾಗ ಸ್ವರ ತಗ್ಗಿಸುತ್ತಿದ್ದರು.

ಕತ್ತರಿಸಿದ್ದನ್ನು ಮತ್ತೆ ಸೇರಿಸಲು ಆಗುವುದಿಲ್ಲ. ಇದು ನಮ್ಮ ಅಂಗಡಿಯಲ್ಲಿ ಮಾತ್ರ ಆದ ಅನುಭವ ಅಲ್ಲ. ಹೊರದೇಶದಲ್ಲಿ ವಾಚನಾಲಯದ ಬೈಂಡಿಂಗ್ ದೊಡ್ಡ ಉದ್ಯಮ ಆಯಿತು. ಅಮೆರಿಕದಲ್ಲಿ 1920ರ ಸುಮಾರಿಗೆ ರೀವಿಸ್ ಎಂಬವರು ಒಂದು ಹೊಲಿಗೆ ಯಂತ್ರ ಮಾಡಿದರು. ಪುಸ್ತಕದ ಬೆನ್ನನ್ನೇ ಕತ್ತರಿಸಿ ಹಾಳೆ ಬಿಡಿ ಮಾಡಿ, ಸ್ವಲ್ಪ ಸ್ವಲ್ಪ ಹಾಳೆಗಳನ್ನು ಬದಿಯಿಂದ ಹೊಲಿಯುವ ಯಂತ್ರ. ತುಂಬ ಗಟ್ಟಿ. ಅಲ್ಲಿಯ ಬೈಂಡರುಗಳು 1935ರಲ್ಲಿ ಸಂಘ ಕಟ್ಟಿ, ವಾಚನಾಲಯದ ಪುಸ್ತಕ ಹೇಗಿರಬೇಕು ಅಂತ ನಿಯಮ ಮಾಡಿದರು. ಅವರಲ್ಲೂ ಎಷ್ಟೋ ಅಂಗಡಿಗಳು ಅಪ್ಪ ಮಕ್ಕಳು ನಡೆಸಿದವೇ. ಆದರೆ ಆ ಹೊಲಿಗೆಯಲ್ಲಿ ಪುಸ್ತಕ ಸಪಾಟಾಗಿ ತೆರೆಯುವುದಿಲ್ಲ. ಕಾಗದ ಹಳತಾದಾಗ ಹೊಲಿಗೆಯ ಗೆರೆಯಲ್ಲೇ ಮುರಿಯುತ್ತದೆ. ಇನ್ನೊಮ್ಮೆ ಬೈಂಡ್ ಮಾಡಲು ಒಳಗಿನ ಅಂಚೇ ಉಳಿದಿರುವುದಿಲ್ಲ. ಜರ್ಮನಿಯ ಲುಂಬೆಕ್ ಎಂಬವರು ಬೇರೆ ದಾರಿ ಹಿಡಿದರು. ಬಿಡಿ ಹಾಳೆಗಳ ಬೆನ್ನನ್ನು ಮೊದಲು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ ಬಾಗಿಸಿ ತಣ್ಣನೆಯ ಅಂಟು ಹಚ್ಚುವುದು. ಪ್ರತಿ ಹಾಳೆಯ ಅಂಚಿಗೂ ಕೂದಲೆಳೆಯಷ್ಟು ಅಂಟು ಸಿಗುತ್ತದೆ. ಬಿಡಿ ಹಾಳೆಯ ಪುಸ್ತಕ ಬಂದರೆ ನಾನೂ ಹಾಗೇ ಮಾಡುವುದು.

1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೋ ನದಿ ಉಕ್ಕಿತು. ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದ ಒಳಗೆ ಕೆಸರು ನೀರು ನುಗ್ಗಿ ಲಕ್ಷಾಂತರ ಪುಸ್ತಕ ಮುಳುಗಿದವು. ಬೇರೆ ಬೇರೆ ದೇಶದ ಬೈಂಡರುಗಳು ಹೋಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಅವರು ಒಂದು ವಿಷಯ ಗಮನಿಸಿದರು. ಅಂಟು ಹೆಚ್ಚು ಬಳಿದು ಬಿಗಿಯಾಗಿ ಕಟ್ಟಿದ ಪುಸ್ತಕಗಳಿಗೆ ಪೆಟ್ಟು ಜಾಸ್ತಿ. ನಾಲ್ಕೈದು ನೂರು ವರ್ಷ ಹಿಂದಿನ ಕೆಲವು ಪುಸ್ತಕಗಳು, ಮೆತ್ತಗಿನ ಚರ್ಮದ ಹೊದಿಕೆ, ಅಂಟು ತುಂಬ ಕಡಿಮೆ, ಬರೀ ಹೊಲಿಗೆಯ ಮೇಲೆ ನಿಂತವು, ಚೆನ್ನಾಗಿ ಉಳಿದುಕೊಂಡಿದ್ದವು. ಹಾಳಾದರೆ ಬಿಚ್ಚಿ ಸರಿಮಾಡಲು ಆಗುವ ಹಾಗೆ ಕಟ್ಟಬೇಕು ಎಂಬ ಮಾತು ಆ ಪ್ರವಾಹದ ನಂತರ ಜಗತ್ತಿನ ಬೈಂಡರುಗಳಿಗೆ ನಿಯಮದ ಹಾಗೆ ಆಯಿತು. ಇದನ್ನು ಓದಿದ ದಿನ ನನಗೆ ನಮ್ಮ ತಾಳೆಗರಿ ಕಟ್ಟುಗಳ ನೆನಪಾಯಿತು. ಎರಡು ಮರದ ಹಲಗೆ, ಒಂದು ತೂತು, ಒಂದು ದಾರ. ಅಂಟೇ ಇಲ್ಲ. ಇದೇ ಜಿಲ್ಲೆಯಲ್ಲಿ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ಹಳೆಯ ತುಳು ಗ್ರಂಥಗಳನ್ನು ಹುಡುಕಿ ತೆಗೆದದ್ದು ಅಂಥ ತಾಳೆಗರಿಗಳಿಂದಲೇ ಅಲ್ವಾ? ದಾರ ಹೋದರೆ ಇನ್ನೊಂದು ದಾರ.

2018ರ ಪ್ರವಾಹದಲ್ಲಿ ಕೇರಳದ ಎಷ್ಟೋ ವಾಚನಾಲಯಗಳು ಮುಳುಗಿದವು. ನಮ್ಮ ಕಡೆ ಅಷ್ಟು ಆಗಲಿಲ್ಲ. ಆದರೆ ಮಾಡು ಸೋರುವುದು ಎಲ್ಲ ಕಡೆ ಇದೆ. ಪುಸ್ತಕ ಒದ್ದೆಯಾದರೆ ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ನಿಲ್ಲಿಸಿ, ಪುಟ ಸ್ವಲ್ಪ ಬಿಡಿಸಿ, ಫ್ಯಾನಿನ ಗಾಳಿಗೆ ಇಡಿ. ನಡುನಡುವೆ ನೀರು ಹೀರುವ ಕಾಗದ ಇಟ್ಟು ಬದಲಿಸುತ್ತಾ ಇರಿ. ಹೊಳೆಯುವ ಆರ್ಟ್ ಪೇಪರಿನ ಪುಸ್ತಕ ಆದರೆ ಒಣಗಲು ಬಿಡಲೇಬಾರದು. ಹಾಗೇ ಒಣಗಿದರೆ ಪುಟಗಳು ಕಲ್ಲಿನ ಹಾಗೆ ಅಂಟಿಕೊಳ್ಳುತ್ತವೆ. ಒದ್ದೆ ಇರುವಾಗಲೇ ಒಂದೊಂದೇ ಪುಟ ಬಿಡಿಸಿ. ಸಮಯ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಇಟ್ಟು ನನಗೆ ಫೋನ್ ಮಾಡಿ.

ಅಪ್ಪನ ಕಾಲದ ಕೊನೆಗೆ ಕೆಲಸ ಇಳಿಯಿತು. ಟೆಂಡರು ಬಂತು. ಯಾರ ದರ ಕಡಿಮೆಯೋ ಅವರಿಗೆ ಕೆಲಸ. ನಮ್ಮ ದೇಶದಲ್ಲೂ ವಾಚನಾಲಯದ ಬೈಂಡಿಂಗಿಗೆ ಐ.ಎಸ್. 3050 ಎಂಬ ಮಾನಕ ಇದೆ. ಟೆಂಡರಿನಲ್ಲಿ ಅದರ ಹೆಸರು ಬರೆದರೂ ಬಂದ ಪುಸ್ತಕವನ್ನು ತೆರೆದು ನೋಡುವವರು ಕಡಿಮೆ. ಒಂದು ದೊಡ್ಡ ಸಂಸ್ಥೆಗೆ ನಾವು ಹಲವು ವರ್ಷ ಪತ್ರಿಕೆಗಳ ಸಂಪುಟ ಕಟ್ಟಿಕೊಟ್ಟಿದ್ದೆವು. ಒಂದು ವರ್ಷ ಬೇರೆಯವರಿಗೆ ಹೋಯಿತು. ಅವರು ಬದಿಯಿಂದ ಡ್ರಿಲ್ ಹಾಕಿ ತೂತು ಮಾಡಿ, ಸರಿಗೆ ಹಾಕಿ ಬಿಗಿದರು. ನಮ್ಮ ಮಳೆಗೆ ಸರಿಗೆ ತುಕ್ಕು ಹಿಡಿಯಿತು. ಒಳಗಿನ ಎರಡು ಅಕ್ಷರ ಕಾಣದ ಹಾಗೆ ಆಗಿತ್ತು. ಜೆರಾಕ್ಸ್ ಮಾಡಲು ಒತ್ತಿದವರು ಬೆನ್ನು ಮುರಿದರು. ಅಪ್ಪ ಅದನ್ನು ನೋಡಿ ಬಂದ ದಿನ ಊಟ ಮಾಡಲಿಲ್ಲ. ಹಣ ಹೋದದ್ದಕ್ಕೆ ಅಲ್ಲ. ಆ ತೂತುಗಳನ್ನು ಮುಚ್ಚಲು ಯಾರಿಂದಲೂ ಆಗುವುದಿಲ್ಲ.

ನಾನು ಈ ಕೆಲಸಕ್ಕೆ ಪೂರ್ತಿಯಾಗಿ ಬಂದದ್ದು ಅಪ್ಪನ ಕೈ ನಡುಗಲು ಶುರುವಾದ ಮೇಲೆ. ಮುಚ್ಚುವ ಅಂಗಡಿಗೆ ಯಾಕೆ ಹೋಗುತ್ತೀ ಅಂದವರು ಇದ್ದರು. ಆದರೆ ಈಗ ಹೊಸ ಕೆಲಸ ಒಂದು ಬಂದಿದೆ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುವವರು ಬರುತ್ತಾರೆ. ಕೆಲವು ಕಡೆ ಸ್ಕ್ಯಾನಿಗೆ ಅಂತ ಬೆನ್ನನ್ನೇ ಕತ್ತರಿಸಿ, ಆಮೇಲೆ ಹಾಳೆಗಳನ್ನು ಕಟ್ಟಿ ಮೂಲೆಗೆ ಹಾಕುತ್ತಾರೆ. ನಮ್ಮ ಅಜ್ಜಿ ಹೊಲಿದ ಪುಸ್ತಕಕ್ಕೆ ಕತ್ತರಿ ಬೇಡ. ಬೆನ್ನಿಗೆ ಒದ್ದೆ ಬಟ್ಟೆ ಇಟ್ಟು, ದಾರ ಕತ್ತರಿಸಿ ಎಳೆದರೆ ಫಾರಂಗಳು ಒಂದೊಂದಾಗಿ ಬಿಡಿಯಾಗುತ್ತವೆ. ಸಪಾಟಾಗಿ ಸ್ಕ್ಯಾನ್ ಆಗುತ್ತದೆ. ಆಮೇಲೆ ಹಳೆಯ ತೂತುಗಳಲ್ಲೇ ಸೂಜಿ ಹಾಕಿ ನಾನು ಮತ್ತೆ ಹೊಲಿಯುತ್ತೇನೆ. ಹೊಸ ತೂತು ಒಂದೂ ಬೇಡ.

ನಿಮ್ಮ ವಾಚನಾಲಯಕ್ಕೆ ಒಂದೆರಡು ಮಾತು. ಎಲ್ಲ ಪುಸ್ತಕಕ್ಕೂ ಬೈಂಡಿಂಗ್ ಬೇಡ. ಅಂಗಡಿಯಲ್ಲಿ ಸಿಗುವ ಪುಸ್ತಕ ಹರಿದರೆ ಹೊಸದು ತನ್ನಿ, ಅದೇ ಕಡಿಮೆ ಖರ್ಚು. ಮತ್ತೆ ಅಚ್ಚಾಗದ ಪುಸ್ತಕ, ಊರಿನವರ ಕೈಬರಹ ಇರುವ ಪುಸ್ತಕ, ಹಳೆಯ ಪತ್ರಿಕೆ, ಇವುಗಳಿಗೆ ಹಣ ಇಡಿ. ಕಾಗದ ಮಡಿಸಿದರೆ ಮುರಿಯುವಷ್ಟು ಹಳತಾಗಿದ್ದರೆ ಹೊಲಿಯಲೂ ಬೇಡ. ರಟ್ಟಿನ ಪೆಟ್ಟಿಗೆ ಮಾಡಿ ಅದರೊಳಗೆ ಇಡೋಣ. ಆಮೇಲೆ, ದಯವಿಟ್ಟು ಸೆಲ್ಲೋಟೇಪ್ ಹಾಕಬೇಡಿ. ಹತ್ತು ವರ್ಷದಲ್ಲಿ ಟೇಪು ಉದುರುತ್ತದೆ, ಅದರ ಹಳದಿ ಅಂಟು ಅಕ್ಷರದ ಮೇಲೆಯೇ ಉಳಿಯುತ್ತದೆ.

ಈಗ ಈ ಪುಸ್ತಕ. ರಟ್ಟು ಸಡಿಲವಾಗಿತ್ತು, ಎರಡು ಸಂಚಿಕೆ ಹೊರಗೆ ಬಂದಿದ್ದವು. ಹೋದ ತಿಂಗಳು ಬಿಚ್ಚಿದೆ. ಅಜ್ಜ ಹಚ್ಚಿದ ಅಂಟು ಹತ್ತು ನಿಮಿಷದಲ್ಲಿ ಬಿಟ್ಟುಕೊಂಡಿತು. ಬೆನ್ನಿನ ಒಳಗೆ ಬಲಕ್ಕೆ ಅಂತ ಒಂದು ಹಾಳೆ ಅಂಟಿಸುತ್ತಾರೆ. ಆಗ ಯಾರೂ ಅದಕ್ಕೆ ಹೊಸ ಕಾಗದ ಹಾಳು ಮಾಡುತ್ತಿರಲಿಲ್ಲ, ಅಂಗಡಿಯ ಹಳೆಯ ಕಾಗದವೇ. ಇದರೊಳಗೆ ಸಿಕ್ಕಿದ್ದು ನಮ್ಮ ಲೆಕ್ಕದ ಪುಸ್ತಕದ ಒಂದು ಹಾಳೆ. ಅಜ್ಜಿ ಬರೆದ ಕನ್ನಡ ಅಂಕಿಗಳು. ಏಳು ಮಾತ್ರ ಸ್ವಲ್ಪ ವಾಲಿಕೊಂಡಿದೆ, ಅವರು ಯಾವಾಗಲೂ ಹಾಗೇ ಬರೆಯುತ್ತಿದ್ದರು. ಹೆಸರುಗಳಿಲ್ಲ. ಎಷ್ಟು ಫಾರಂ, ಎಷ್ಟು ದಾರ, ಎಷ್ಟು ಆಣೆ, ಅಷ್ಟೇ.

ಅದನ್ನು ನಾನು ಮನೆಗೆ ಇಟ್ಟುಕೊಳ್ಳಲಿಲ್ಲ. ಒಣಗಿಸಿ, ಹಿಂದಿನ ರಟ್ಟಿನ ಒಳಗೆ ಒಂದು ಸಣ್ಣ ಲಕೋಟೆ ಮಾಡಿ ಅದರಲ್ಲಿ ಇಟ್ಟಿದ್ದೇನೆ. ಹೊಲಿಗೆ ಅಜ್ಜಿಯ ತೂತುಗಳಲ್ಲೇ ಹೋಗಿದೆ. ಬೆನ್ನಿಗೆ ಹೊಸ ಕಾಗದ ಕೊಟ್ಟು, ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದಿದ್ದೇನೆ. ನಿಮಗೆ ಅದು ಕಾಣುವುದಿಲ್ಲ. ಮುಂದಿನ ಸಲ ಬಿಚ್ಚುವವರಿಗೆ ಕಾಣುತ್ತದೆ. ಕಾರ್ಯದರ್ಶಿಗಳೇ, ಬನ್ನಿ, ತೆಗೆದುಕೊಳ್ಳಿ. ನಡುವಿನಲ್ಲಿ ತೆರೆದು, ಕೈ ಬಿಟ್ಟು ನೋಡಿ.